ಶಸ್ತ್ರಚಿಕಿತ್ಸೋತ್ತರ ಕರುಳಿನ ಸ್ತಬ್ಧತೆ

ಶಸ್ತ್ರಚಿಕಿತ್ಸೋತ್ತರ ಕರುಳಿನ ಸ್ತಬ್ಧತೆ ಎಂಬುದು ಶಸ್ತ್ರಚಿಕಿತ್ಸೆಯ, ಮುಖ್ಯವಾಗಿ ಉದರದ ಶಸ್ತ್ರಚಿಕಿತ್ಸೆಯ, ನಂತರ ಜೀರ್ಣಾಂಗಗಳ ಅಲೆಯಂತಹ ಚಲನೆಯು ತಾತ್ಕಾಲಿಕವಾಗಿ ಕುಂಠಿತವಾಗುವ ಸ್ಥಿತಿ. ವೈದ್ಯರು ಇದನ್ನು ಇಲಿಯಸ್ ಎಂದು ಕರೆಯುತ್ತಾರೆ. ಹೊಟ್ಟೆಯುಬ್ಬರ, ವಾಕರಿಕೆ, ವಾಂತಿ, ಅಪಾನವಾಯು ಮತ್ತು ಮಲ ಹೊರಹೋಗದಿರುವುದು ಇದರ ಲಕ್ಷಣಗಳು. ಸಾಮಾನ್ಯವಾಗಿ ಸಣ್ಣ ಕರುಳು ಒಂದು ದಿನದೊಳಗೆ, ಜಠರವು ಒಂದೆರಡು ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ದೊಡ್ಡ ಕರುಳಿಗೆ ಎರಡು-ಮೂರು ದಿನ ಬೇಕಾಗುತ್ತದೆ.

ಕಾರಣಗಳು

ಉದರವನ್ನು ತೆರೆದಾಗ ಸಿಂಪಥೆಟಿಕ್ ನರಗಳು ಪ್ರಚೋದನೆಗೊಂಡು ಕರುಳಿನ ಚಲನೆಯನ್ನು ತಡೆಯುತ್ತವೆ. ಕರುಳನ್ನು ಕೈಯಿಂದ ಮುಟ್ಟಿ ಸರಿಸುವುದರಿಂದ ಅದರ ಸ್ನಾಯುಪದರದಲ್ಲಿ ಉರಿಯೂತ ಉಂಟಾಗಿ ಸ್ತಬ್ಧತೆ ಮುಂದುವರಿಯುತ್ತದೆ. ಮಾರ್ಫಿನ್‌ನಂತಹ ನೋವುನಿವಾರಕಗಳು, ರಕ್ತದಲ್ಲಿ ಪೊಟ್ಯಾಸಿಯಂ ಕೊರತೆ ಹಾಗೂ ಅತಿಯಾಗಿ ನೀಡಿದ ಡ್ರಿಪ್ಸ್‌ನಿಂದ ಕರುಳಿನ ಗೋಡೆ ಬಾತುಕೊಳ್ಳುವುದು ಇದನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಚೇತರಿಕೆಗೆ ನೆರವು

ಅಪಾನವಾಯು ಹೊರಹೋಗುವವರೆಗೆ ರೋಗಿಗೆ ಏನನ್ನೂ ಕೊಡಬಾರದೆಂಬ, ಮೂಗಿನ ಮೂಲಕ ಜಠರಕ್ಕೆ ರೈಲ್ಸ್ ಟ್ಯೂಬ್ ಇಳಿಸಿರಬೇಕೆಂಬ ಪದ್ಧತಿ ದೀರ್ಘಕಾಲ ರೂಢಿಯಲ್ಲಿತ್ತು. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಇದನ್ನು ಪ್ರಶ್ನಿಸಿ, ಬೇಗನೆ ಆಹಾರ ನೀಡುವ ಮತ್ತು ಬೇಗನೆ ಎದ್ದು ನಡೆದಾಡಿಸುವ ಕ್ರಮವನ್ನು ರೂಪಿಸಿದರು. ಇಂದು ಇರಾಸ್ ಎಂದು ಪ್ರಸಿದ್ಧವಾಗಿರುವ ಚೇತರಿಕಾ ವಿಧಾನದ ಬೇರು ಇದೇ. ಕರುಳನ್ನು ಕತ್ತರಿಸಿ ಜೋಡಿಸಿದ ಅನೇಕ ರೋಗಿಗಳಿಗೂ ಈಗ ಒಂದು ದಿನದೊಳಗೆ ದ್ರವಾಹಾರವನ್ನು ಆರಂಭಿಸಲಾಗುತ್ತದೆ. ಆಹಾರವೇ ಕರುಳಿಗೆ ಸಹಜ ಪ್ರಚೋದಕ. ರೈಲ್ಸ್ ಟ್ಯೂಬನ್ನು ಎಲ್ಲರಿಗೂ ಹಾಕುವುದರಿಂದ ಪ್ರಯೋಜನವಿಲ್ಲ. ಪದೇ ಪದೇ ವಾಂತಿಯಾಗುವವರಿಗೆ ಅದು ಬೇಕಾಗುತ್ತದೆ. ಯಾರಿಗೆ, ಯಾವಾಗ ಆಹಾರ ಕೊಡಬೇಕೆಂಬುದನ್ನು ಶಸ್ತ್ರವೈದ್ಯರೇ ನಿರ್ಧರಿಸಬೇಕು. ಮನೆಯವರು ಗಂಜಿ ತಂದು ಕುಡಿಸುವುದಲ್ಲ.

ಲ್ಯಾಪರೊಸ್ಕೋಪಿ ವಿಧಾನದಲ್ಲಿ ಕರುಳಿಗೆ ಆಗುವ ಘಾಸಿ ಕಡಿಮೆ. ಮಾರ್ಫಿನ್ ಬಳಕೆಯನ್ನು ತಗ್ಗಿಸಲು ಪ್ಯಾರಾಸಿಟಮಾಲ್, ಎಪಿಡ್ಯೂರಲ್ ಮುಂತಾದವನ್ನು ಬಳಸುತ್ತಾರೆ. ಚೂಯಿಂಗ್ ಗಮ್ ಅಗಿಯುವುದು ಊಟದ ಭ್ರಮೆ ಹುಟ್ಟಿಸಿ ಕರುಳನ್ನು ಚುರುಕುಗೊಳಿಸುತ್ತದೆಂಬ ವಾದವಿದೆ. ಅದರಿಂದ ಸ್ವಲ್ಪ ಲಾಭ ಕಂಡಿದ್ದರೂ ಬೇಗನೆ ಆಹಾರ ಪಡೆಯುವವರಲ್ಲಿ ಆ ಲಾಭ ಅಷ್ಟು ಸ್ಪಷ್ಟವಿಲ್ಲ. ನಡೆದಾಡುವುದರಿಂದ ಕರುಳು ಬೇಗ ಚಲಿಸುತ್ತದೆ ಎಂಬ ನಂಬಿಕೆಗೂ ನೇರ ಪುರಾವೆ ದುರ್ಬಲವೇ. ಆದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಮತ್ತು ನ್ಯುಮೋನಿಯಾವನ್ನು ತಡೆಯಲು ನಡಿಗೆ ಅವಶ್ಯಕ.

ಚೇತರಿಕೆಯ ಗುರುತು

ಸ್ಟೆತೊಸ್ಕೋಪಿನಲ್ಲಿ ಕೇಳುವ ಕರುಳಿನ ಸದ್ದು ನಂಬಲರ್ಹ ಗುರುತಲ್ಲ. ತಿಂದದ್ದು ವಾಂತಿಯಾಗದೆ ಉಳಿಯುವುದು ಮತ್ತು ಮಲವಿಸರ್ಜನೆಯಾಗುವುದು ಹೆಚ್ಚು ವಿಶ್ವಾಸಾರ್ಹ. ನಾಲ್ಕೈದು ದಿನ ಕಳೆದರೂ ಸುಧಾರಿಸದಿದ್ದರೆ, ಅಥವಾ ಹೊಟ್ಟೆಯುಬ್ಬರದೊಂದಿಗೆ ಜ್ವರ, ವೇಗದ ನಾಡಿಬಡಿತ, ಹೆಚ್ಚುತ್ತಿರುವ ನೋವು ಕಂಡರೆ, ಅದು ಬರಿಯ ಸ್ತಬ್ಧತೆಯಾಗಿರದೆ ಹೊಲಿಗೆಯ ಸೋರಿಕೆ, ಕೀವು ಅಥವಾ ನಿಜವಾದ ಕರುಳಿನ ತಡೆಯಾಗಿರಬಹುದು. ಇದನ್ನು ಪತ್ತೆಹಚ್ಚಲು ಸಾಮಾನ್ಯವಾಗಿ ಸಿಟಿ ಸ್ಕ್ಯಾನ್ ಮಾಡಲಾಗುತ್ತದೆ.