ಉಬ್ಬಿಕೊಂಡ ಐಕಾನು

ಕಳೆದ ಜೂನಿನ ಒಂದು ಭಾನುವಾರ ಚಿತ್ರದುರ್ಗದಿಂದ ಅಮ್ಮ ಫೋನು ಮಾಡಿದಳು. ದನಿಯಲ್ಲಿ ಗಾಬರಿಯಿತ್ತು. ಪುಣೆಯಲ್ಲಿರುವ ಅಣ್ಣ ಹೊಸ ಫೋನು ಕೊಂಡ ಮೇಲೆ ಅವನ ಹಳೆಯ ಐಫೋನು ಅವಳ ಪಾಲಿಗೆ ಬಂದಿದೆ. ಅದರಲ್ಲಿ ಏನನ್ನೋ ಒತ್ತಿ ಹಿಡಿದಿದ್ದಾಳೆ. “ಪುಟ್ಟಿ, ಆ ಮೋಡದ ಚಿತ್ರ ಉಬ್ಬಿಕೊಂಡು ಅರ್ಧ ಜಾಗ ನುಂಗೈತೆ. ಕೆಟ್ಟೋಯ್ತಾ ಏನು?”

ಕೆಟ್ಟಿರಲಿಲ್ಲ. 2024ರಲ್ಲಿ ಬಂದ ಐಓಎಸ್ 18ರಲ್ಲಿ ಐಕಾನನ್ನು ಒತ್ತಿ ಹಿಡಿದರೆ ಅದನ್ನು ಅಲ್ಲೇ ದೊಡ್ಡದು ಮಾಡಿ ವಿಜೆಟ್ ಆಗಿಸಬಹುದು. ಅಮ್ಮ ಗೊತ್ತಿಲ್ಲದೆ ಅದನ್ನೇ ಮಾಡಿದ್ದಳು. ಸಂಜೆ ಸರಿಮಾಡುವುದು ಹೇಳಿಕೊಡುತ್ತೇನೆ ಎಂದು ಫೋನಿಟ್ಟೆ. ಆಮೇಲೆ ಬರೆಯಬೇಕಿದ್ದ ಅಧ್ಯಾಯ ಬದಿಗಿಟ್ಟು ಐಕಾನುಗಳ ಚರಿತ್ರೆ ಓದುತ್ತ ಕೂತೆ. ಪಿಎಚ್‌ಡಿ ಮಾಡುವವರಿಗೆ ಬರೆಯದಿರಲು ಒಂದು ನೆವ ಸಿಕ್ಕರೆ ಸಾಕು. ಓದುತ್ತ ಹೋದಂತೆ ತಿಳಿದದ್ದು, ಈ ಹೊಸ ಸೌಲಭ್ಯ ಬಹಳ ಹಳೆಯದು. ಐಕಾನು ಹುಟ್ಟಿದ್ದೇ ಹಿಗ್ಗುವುದಕ್ಕೆ.

ಕಂಪ್ಯೂಟರಿಗೆ ಈ ಪದವನ್ನು ತಂದವನೂ ಒಬ್ಬ ಸಂಶೋಧನಾ ವಿದ್ಯಾರ್ಥಿಯೇ. ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್ 1975ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಮಹಾಪ್ರಬಂಧದ ಹೆಸರು ‘ಪಿಗ್ಮೇಲಿಯನ್’. ತಾನು ಕೆತ್ತಿದ ಪ್ರತಿಮೆಗೆ ಜೀವ ಬಂದದ್ದನ್ನು ಕಂಡ ಗ್ರೀಕ್ ಕತೆಯ ಶಿಲ್ಪಿಯ ಹೆಸರು ಅದು. ಐಕಾನ್ ಎಂಬ ಮಾತನ್ನು ಸ್ಮಿತ್ ಆರಿಸಿಕೊಂಡದ್ದು ರಷ್ಯದ ಆರ್ಥೊಡಾಕ್ಸ್ ಚರ್ಚಿನಿಂದ. ಅಲ್ಲಿ ಸಂತನ ಐಕಾನು ಸಂತನ ಬರಿಯ ಚಿತ್ರವಲ್ಲ, ಅವನ ಪಾವಿತ್ರ್ಯವೂ ಅದರಲ್ಲಿದೆ ಎಂಬ ನಂಬಿಕೆ. ನಮ್ಮ ಕಡೆ ಹೇಳುವುದಾದರೆ ಗೋಡೆಯ ಕ್ಯಾಲೆಂಡರಿನ ದೇವರಿಗೂ ತೇರಿನ ದಿನ ಗುಡಿಯಿಂದ ಹೊರಡುವ ಉತ್ಸವಮೂರ್ತಿಗೂ ಇರುವ ವ್ಯತ್ಯಾಸ. (ಕ್ಯಾಲೆಂಡರಿಗೂ ಊದುಬತ್ತಿ ಹಚ್ಚುತ್ತಿದ್ದ ನನ್ನಜ್ಜಿ ಈ ವ್ಯತ್ಯಾಸವನ್ನು ಒಪ್ಪುತ್ತಿರಲಿಲ್ಲ.)

ಸ್ಮಿತ್ ಮುಂದೆ ಜೆರಾಕ್ಸ್ ಕಂಪನಿ ಸೇರಿದ. 1981ರಲ್ಲಿ ಆ ಕಂಪನಿ ‘ಸ್ಟಾರ್’ ಎಂಬ ಕಚೇರಿ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಬೆಲೆ 16 ಸಾವಿರ ಡಾಲರಿಗೂ ಹೆಚ್ಚು. ಹೆಚ್ಚು ಜನ ಕೊಳ್ಳಲಿಲ್ಲ. ಆದರೆ ಅದರ ಪರದೆಯ ಮೇಲೆ ಇದ್ದುದೇನು ಎಂಬುದನ್ನು ಗಮನಿಸಬೇಕು. ಕಾಗದಪತ್ರ, ಫೋಲ್ಡರು, ಬಂದ ಟಪಾಲಿನ ಬುಟ್ಟಿ, ಹೋಗುವ ಟಪಾಲಿನ ಬುಟ್ಟಿ, ಪ್ರಿಂಟರು. ಅಂದರೆ ಆ ಮೇಜಿನಲ್ಲಿ ಕೂತವರ ವಸ್ತುಗಳು. ಯಾವ ಪ್ರೋಗ್ರಾಮನ್ನೂ ಅವರು ಹುಡುಕಿ ಶುರುಮಾಡಬೇಕಿರಲಿಲ್ಲ. ಪತ್ರವನ್ನು ತೆರೆದರೆ ಸಾಕು, ಐಕಾನು ಹಿಗ್ಗಿ ವಿಂಡೋ ಆಗುತ್ತಿತ್ತು. ಮುಚ್ಚಿದರೆ ಕುಗ್ಗಿ ಮತ್ತೆ ಐಕಾನು. ಒಂದೇ ವಸ್ತುವಿನ ಚಿಕ್ಕ ರೂಪ ಒಂದು, ದೊಡ್ಡ ರೂಪ ಇನ್ನೊಂದು. ಇಡೀ ವಿನ್ಯಾಸ ನಿಂತಿದ್ದು ಈ ಸರಳ ಮಾತಿನ ಮೇಲೆ.

1984ರ ಮ್ಯಾಕಿಂಟಾಷ್ ಇದನ್ನು ಜನರ ಮನೆಗೆ ತಂದಿತು. ಸೂಸನ್ ಕೇರ್ ಗ್ರಾಫ್ ಹಾಳೆಯ ಚೌಕಗಳನ್ನು ತುಂಬುತ್ತ, 32ಕ್ಕೆ 32 ಚುಕ್ಕಿಗಳ ಜಾಗದಲ್ಲಿ ಬಿಡಿಸಿದ ಚಿತ್ರಗಳನ್ನು ಇಂದಿಗೂ ನೋಡಲು ಸೊಗಸು. ಆ ಯಂತ್ರದಲ್ಲಿ ಆಗ ಒಂದು ಸಲಕ್ಕೆ ಒಂದೇ ಪ್ರೋಗ್ರಾಮು ನಡೆಯುತ್ತಿದ್ದರಿಂದ, ಕೆಲಸದ ನಡುವೆ ತೆರೆದು ನೋಡಲು ಕ್ಯಾಲ್ಕ್ಯುಲೇಟರು, ಅಲಾರಂ ಗಡಿಯಾರದಂಥ ಪುಟ್ಟ ಸಾಮಾನುಗಳನ್ನೂ ಕೊಟ್ಟಿದ್ದರು. ಇಂದಿನ ವಿಜೆಟ್ಟುಗಳ ಮುತ್ತಜ್ಜಂದಿರು ಇವು. ಆದರೆ ಮ್ಯಾಕ್‌ನಲ್ಲಿ ನಮ್ಮ ಕಾಗದಗಳ ಪಕ್ಕದಲ್ಲೇ ಪ್ರೋಗ್ರಾಮುಗಳಿಗೂ ಐಕಾನು ಬಂತು. ಮನೆಯವರ ಸಾಲಿನಲ್ಲಿ ಅಂಗಡಿಯವರೂ ಬಂದು ಕೂತ ಹಾಗೆ.

2007ರ ಐಫೋನಿನಲ್ಲಿ ಮನೆಯವರು ಪೂರ್ತಿ ಎದ್ದುಹೋದರು. ಹೋಮ್ ಸ್ಕ್ರೀನ್ ಎಂಬ ಹೆಸರಷ್ಟೇ ಉಳಿಯಿತು. ಒಂದೇ ಅಳತೆಯ, ಮೂಲೆ ದುಂಡಗಾದ ಚೌಕಗಳು ಸಾಲಾಗಿ ನಿಂತವು. ಪ್ರತಿಯೊಂದೂ ಒಂದು ಆ್ಯಪಿನ ಬಾಗಿಲು. ಕ್ಯಾಲೆಂಡರಿನ ಐಕಾನು ಮಾತ್ರ ಅಂದಂದಿನ ತಾರೀಕು ತೋರಿಸುತ್ತಿತ್ತು. ಹವಾಮಾನದ ಐಕಾನು? ನೀಲಿ ಆಕಾಶ, ಹಳದಿ ಸೂರ್ಯ, 73 ಡಿಗ್ರಿ ಫ್ಯಾರನ್‌ಹೀಟ್. ಹೊರಗೆ ಹಿಮ ಬೀಳಲಿ, ಬಿರುಗಾಳಿ ಬರಲಿ, ಐಕಾನಿನಲ್ಲಿ ಸದಾ 73. ವರ್ಷಗಟ್ಟಲೆ ಜನ ಇದನ್ನು ಆಡಿಕೊಂಡು ನಕ್ಕರು. ಉತ್ಸವಮೂರ್ತಿ ಮತ್ತೆ ಕ್ಯಾಲೆಂಡರಿನ ಪಟವಾಗಿತ್ತು. ಆಗಿನ ಫೋನುಗಳಿಗೆ ಬ್ಯಾಟರಿಯ ಚಿಂತೆ ದೊಡ್ಡದಿತ್ತು ಎಂಬುದನ್ನು ಒಪ್ಪಬೇಕು. ಆದರೆ 2013ರ ಐಓಎಸ್ 7ರಲ್ಲಿ ಗಡಿಯಾರದ ಐಕಾನು ನಿಜವಾದ ಹೊತ್ತು ತೋರಿಸತೊಡಗಿದಾಗಲೂ ಹವಾಮಾನಕ್ಕೆ ಆ ಭಾಗ್ಯ ಬರಲಿಲ್ಲ, ಸುಳ್ಳು ಅಂಕಿಯನ್ನು ತೆಗೆದರು ಅಷ್ಟೆ.

2008ರ ಜುಲೈನಲ್ಲಿ ಆ್ಯಪ್ ಸ್ಟೋರ್ ತೆರೆದಾಗ ಅದರಲ್ಲಿ ಸುಮಾರು 500 ಆ್ಯಪುಗಳಿದ್ದವು. ಬಾಗಿಲುಗಳು ಹೆಚ್ಚುತ್ತ ಹೋದವು. ಪುಟದ ಮೇಲೆ ಪುಟ, 2010ರಲ್ಲಿ ಅವನ್ನು ತುಂಬಿಡಲು ಫೋಲ್ಡರು. ಆಂಡ್ರಾಯ್ಡ್ ಬೇರೆ ದಾರಿ ಹಿಡಿದಿತ್ತು. 2009ರ 1.5ನೇ ಆವೃತ್ತಿಯಿಂದ ಯಾರು ಬೇಕಾದರೂ ವಿಜೆಟ್ ಮಾಡಬಹುದಿತ್ತು, 2011ರಿಂದ ಅವನ್ನು ಎಳೆದು ದೊಡ್ಡದು ಮಾಡಬಹುದಿತ್ತು. ಆದರೂ ಅಲ್ಲಿ ಐಕಾನು ಬೇರೆ, ವಿಜೆಟ್ ಬೇರೆ. ಒಂದನ್ನು ಹಿಗ್ಗಿಸಿದರೆ ಇನ್ನೊಂದಾಗುತ್ತಿರಲಿಲ್ಲ. ಒಂದೇ ಆ್ಯಪಿಗೆ ಎರಡು ಕಡೆ ಜಾಗ ಕೊಡಬೇಕು.

ಸ್ಟಾರ್‌ನ ವಿಚಾರಕ್ಕೆ ತೀರ ಹತ್ತಿರ ಬಂದದ್ದು, ನನ್ನ ಮಟ್ಟಿಗೆ, ಎಲ್ಲರೂ ಮರೆತ ವಿಂಡೋಸ್ ಫೋನು. 2010ರಲ್ಲಿ ಬಂದ ಅದರಲ್ಲಿ ಐಕಾನುಗಳ ಬದಲು ಟೈಲ್‌ಗಳಿದ್ದವು. 2012ರ ಎಂಟನೇ ಆವೃತ್ತಿಯಲ್ಲಿ ಪ್ರತಿ ಟೈಲಿಗೂ ಮೂರು ಅಳತೆ. ಚಿಕ್ಕದಾಗಿಟ್ಟರೆ ಬರಿಯ ಗುರುತು, ಅಗಲ ಮಾಡಿದರೆ ಬಂದ ಸಂದೇಶದ ಸಾಲೂ ಕಾಣುತ್ತಿತ್ತು. ಆ್ಯಪುಗಳ ಜೊತೆಗೆ ಮನುಷ್ಯರನ್ನೂ ಅಲ್ಲಿ ಅಂಟಿಸಬಹುದಿತ್ತು. ನನ್ನ ಪಿಯುಸಿ ದಿನಗಳಲ್ಲಿ ಅಣ್ಣನ ಹತ್ತಿರ ಲೂಮಿಯಾ 520 ಇತ್ತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಟೈಲು ‘ಅಮ್ಮ’. ಬ್ಯಾಂಕಿನದೋ ಬಸ್ಸಿನದೋ ಆ್ಯಪು ಬೇಕೆಂದರೆ ಸಿಗುತ್ತಿರಲಿಲ್ಲ. ಆ ಫೋನುಗಳು ಸೋತದ್ದೇ ಹಾಗೆ. 2020ರ ಜನವರಿಯಲ್ಲಿ ಮೈಕ್ರೊಸಾಫ್ಟ್ ಕೈಬಿಟ್ಟಿತು. ವರ್ಷ ತುಂಬುವ ಮೊದಲೇ, 2020ರ ಸೆಪ್ಟೆಂಬರಿನಲ್ಲಿ, ಐಫೋನಿನ ಹೋಮ್ ಸ್ಕ್ರೀನಿಗೆ ವಿಜೆಟ್ಟುಗಳು ಬಂದವು. ಅವುಗಳಲ್ಲೇ ಗುಂಡಿ ಒತ್ತಿ ಕೆಲಸ ಮಾಡುವ ಅನುಕೂಲ ಸಿಕ್ಕಿದ್ದು 2023ರಲ್ಲಿ. ಮರುವರ್ಷ, ಅಮ್ಮನನ್ನು ಹೆದರಿಸಿದ ಈ ಉಬ್ಬುವಿಕೆ.

ನನಗಿದು ಇಷ್ಟವೇ. ಆದರೆ ಹಿಗ್ಗಿದ ಜಾಗದಲ್ಲಿ ಏನು ಕಾಣಬೇಕೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಕೊರೆಯುತ್ತದೆ. ಸ್ಟಾರ್‌ನಲ್ಲಿ ಹಿಗ್ಗುತ್ತಿದ್ದುದು ನಾನು ಬರೆದ ಕಾಗದ. ಇಂದು ಹಿಗ್ಗುವುದು ಆ್ಯಪು. ಅದು ತೋರಿಸಬೇಕೆಂದುಕೊಂಡದ್ದನ್ನು ತೋರಿಸುತ್ತದೆ. ಮಳೆಯ ಮುನ್ಸೂಚನೆಗೆ ಸಿಗುವಷ್ಟೇ ದೊಡ್ಡ ಜಾಗ ಸೀರೆಯ ರಿಯಾಯಿತಿಗೂ ಸಿಗುತ್ತದೆ. ಎಷ್ಟು ದೊಡ್ಡದಿರಬೇಕು, ಎಲ್ಲಿರಬೇಕು ಎಂಬಷ್ಟು ಮಾತ್ರ ನಮ್ಮ ಕೈಯಲ್ಲಿದೆ.

ಸಂಜೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಷ್ಟರಲ್ಲಿ ಅವಳ ದೂರು ಬದಲಾಗಿತ್ತು. “ಜೋರು ಮಳೆ ಅಂತ ತೋರಿಸ್ತೈತೆ, ಇಲ್ಲಿ ಒಂದು ಹನಿಯಿಲ್ಲ. ಬೆಳಗ್ಗೆ ಹಾಕಿದ ಸಂಡಿಗೆ ಗರಿಗರಿ ಒಣಗೈತೆ.” ಪಕ್ಕದ ಮನೆ ಹುಡುಗನ ಫೋನಿನಿಂದ ಅವಳ ಪರದೆ ತೋರಿಸಲು ಹೇಳಿದೆ. ವಿಜೆಟ್ಟಿನ ಮೂಲೆಯಲ್ಲಿ ಸಣ್ಣಗೆ ಪುಣೆ ಎಂದಿತ್ತು. ಅಣ್ಣ ಹಾಕಿಟ್ಟಿದ್ದ ಊರು ಹಾಗೇ ಉಳಿದಿತ್ತು. ಊರು ಬದಲಿಸಿಕೊಡುತ್ತೇನೆ, ಬೇಡವಾದರೆ ಚಿಕ್ಕದು ಮಾಡಿಕೊಡುತ್ತೇನೆ ಅಂದೆ.

ಅಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. “ಪುಣೇದಾ? ಹಾಗಾದ್ರೆ ಇರ್ಲಿ ಬಿಡು,” ಅಂದು, ಛತ್ರಿ ಒಯ್ದಿದ್ದಾನೋ ಇಲ್ಲವೋ ಕೇಳುತ್ತೇನೆಂದು ಅಣ್ಣನಿಗೆ ಫೋನು ಹಚ್ಚಿದಳು.