ಆಕಾಶಕ್ಕೆ ಹಿಡಿದ ಲಾಳಿಕೆ

ಭಾಲ್ಕಿಯ ಅಂಗಡಿಯಲ್ಲಿ ಸೀಮೆಎಣ್ಣೆಯನ್ನು ಸೀಸೆಗೆ ಇಳಿಸುತ್ತಿದ್ದ ತಗಡಿನ ಲಾಳಿಕೆ ನನಗೆ ಈಗ ನೆನಪಾಗುತ್ತಿದೆ. 1897ರಲ್ಲಿ ಜಗದೀಶಚಂದ್ರ ಬೋಸರು ಅತಿ ಕಿರಿಯ ವಿದ್ಯುದಲೆಗಳನ್ನು ಹಿಡಿಯಲು ಲಂಡನ್ನಿನಲ್ಲಿ ತೋರಿಸಿದ ಲೋಹದ ಬಾಯಿಯನ್ನು ‘ಸಂಗ್ರಹದ ಲಾಳಿಕೆ’ ಎಂದೇ ಕರೆದಿದ್ದರು. ಕೊಳವೆ ಥಟ್ಟನೆ ಮುಗಿದರೆ ಅಲೆಯ ಒಂದು ಪಾಲು ಹಿಂದಕ್ಕೆ ಮರಳುತ್ತದೆ; ಮೆಲ್ಲಮೆಲ್ಲನೆ ಅಗಲವಾದರೆ ಬಯಲಿಗೂ ಕೊಳವೆಗೂ ಹೊಂದಿಕೆಯಾಗುತ್ತದೆ. ಲೋಕ ಇದನ್ನು ನಾಲ್ಕು ದಶಕ ಮರೆತಿತ್ತು. ಆ ಮರೆವು ನನ್ನನ್ನು ಇಂದಿಗೂ ಕಾಡುತ್ತದೆ. 1930ರ ದಶಕದಲ್ಲಿ ಅಮೆರಿಕದ ಇಂಜಿನಿಯರರು ಅದನ್ನು ಹೊಸದಾಗಿ ಕಂಡುಕೊಂಡರು. 1951ರ ಮಾರ್ಚಿನಲ್ಲಿ, ನಮ್ಮೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಹಾರ್ವರ್ಡಿನ ಯೂವೆನ್ ಎಂಬ ವಿದ್ಯಾರ್ಥಿ ಪ್ಲೈವುಡ್ಡಿಗೆ ತಾಮ್ರ ಹೊದಿಸಿ ಕಿಟಕಿಯಿಂದಾಚೆ ಚಾಚಿದ್ದ ಇಂಥದೇ ಬಾಯಿ, ಆಕಾಶದ ಜಲಜನಕದ 21 ಸೆಂಟಿಮೀಟರಿನ ಅಲೆಯನ್ನು ಮೊದಲ ಸಲ ಹಿಡಿಯಿತು. ಮಳೆ ಬಂದರೆ ನೀರೂ ಅದರೊಳಗಿಂದಲೇ ಪ್ರಯೋಗಶಾಲೆಗೆ ಇಳಿಯುತ್ತಿತ್ತಂತೆ.