ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಕಿವಿಯ ಅಂಗಾಂಶ ಸಿದ್ಧತೆ

ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಒಳಕಿವಿಯನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೆ ಅಣಿಗೊಳಿಸುವ ಪ್ರಯೋಗಾಲಯ ವಿಧಾನವಿದು. ಸತ್ತ ಪ್ರಾಣಿಯ ಶ್ರವಣಶಕ್ತಿಯು ಕಡಲಿನ ತೀವ್ರ ಸದ್ದಿನಿಂದ ಕುಂದಿತ್ತೇ ಎಂಬುದನ್ನು ಇದರಿಂದ ಪರಿಶೀಲಿಸಬಹುದು.

ರಚನೆ
ಹಲ್ಲುಳ್ಳ ತಿಮಿಂಗಿಲಗಳಲ್ಲಿ ಕಿವಿಯ ಮೂಳೆಯು ತಲೆಬುರುಡೆಗೆ ಬೆಸೆದುಕೊಂಡಿರದೆ, ಅಸ್ಥಿರಜ್ಜುಗಳ ಆಸರೆಯಲ್ಲಿರುತ್ತದೆ. ಅತ್ಯಂತ ಸಾಂದ್ರವಾದ ಈ ಮೂಳೆಯೊಳಗೆ ಶಂಖದಂತೆ ಸುರುಳಿಯಾದ ಕಾಕ್ಲಿಯಾ ಇದೆ. ಅದರ ರೋಮಕೋಶಗಳು ಶಬ್ದವನ್ನು ಗ್ರಹಿಸುತ್ತವೆ. ಸಸ್ತನಿಗಳಲ್ಲಿ ಇವು ನಾಶವಾದರೆ ಮತ್ತೆ ಬೆಳೆಯುವುದಿಲ್ಲ.

ವಿಧಾನ
ಸಾವಿನ ನಂತರ ರೋಮಕೋಶಗಳು ಬೇಗನೆ ಕೊಳೆಯುವುದರಿಂದ ಕೆಲವೇ ಗಂಟೆಗಳೊಳಗೆ ಕಿವಿಯನ್ನು ಬೇರ್ಪಡಿಸುವುದು ಉತ್ತಮ. ಹಿಮಗಟ್ಟಿಸಿದರೆ ಮಂಜಿನ ಹರಳುಗಳು ಕೋಶಗಳನ್ನು ಕೆಡಿಸುತ್ತವೆ. ರಿಕಾಪು ಮೂಳೆಯನ್ನು ತೆಗೆದು, ಅಂಡಾಕಾರದ ಮತ್ತು ದುಂಡನೆಯ ಕಿಂಡಿಗಳ ಮೂಲಕ ಶೇ. 10ರ ತಟಸ್ಥ ಫಾರ್ಮಲಿನ್ ದ್ರಾವಣವನ್ನು ನಿಧಾನವಾಗಿ ಒಳಗೆ ಹಾಯಿಸಿ, ಕಿವಿಯನ್ನು ಅದರಲ್ಲೇ ಮುಳುಗಿಸಿಡುತ್ತಾರೆ. ಬಳಿಕ ಮೂಳೆಯ ಸುಣ್ಣದಂಶವನ್ನು ಕರಗಿಸಬೇಕು. ಇಡಿಟಿಎ ದ್ರಾವಣವು ಮೃದುವಾದರೂ ನಿಧಾನ. ಆಮ್ಲಗಳು ಶೀಘ್ರವಾದರೂ ಹೆಚ್ಚು ಹೊತ್ತು ಇಟ್ಟರೆ ಅಂಗಾಂಶಕ್ಕೆ ಹಾನಿಕರ. ಕೊನೆಗೆ ತೆಳು ಸೀಳಿಕೆಗಳನ್ನು ಅಥವಾ ಕಾಕ್ಲಿಯಾದ ಮೇಲ್ಮೈಯನ್ನು ವೀಕ್ಷಿಸುತ್ತಾರೆ.

ಫಲಿತಾಂಶದ ವಿವೇಚನೆ
ಜೀವಂತವಿದ್ದಾಗ ರೋಮಕೋಶ ಸತ್ತರೆ, ಸುತ್ತಲಿನ ಆಧಾರಕೋಶಗಳು ಆ ಸ್ಥಳವನ್ನು ತುಂಬಿ ಕಲೆ ಉಳಿಸುತ್ತವೆ. ಕೊಳೆಯುವಿಕೆಯಿಂದ ಇಂತಹ ಕಲೆ ಉಂಟಾಗದು. ಆದರೆ ಕಲೆಯೊಂದೇ ಸದ್ದಿಗೆ ಪುರಾವೆಯಲ್ಲ. ಮುಪ್ಪು, ಸೋಂಕು ಮತ್ತು ಕೆಲವು ಔಷಧಗಳೂ ಕಾರಣವಾಗಬಹುದು.

ಕರ್ನಾಟಕದಲ್ಲಿ
ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಕಡಲಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳೂ ಬೆನ್ನುರೆಕ್ಕೆಯಿಲ್ಲದ ಪಾರ್ಪಸ್‌ಗಳೂ ವಾಸಿಸುತ್ತವೆ. ದಿನಗಟ್ಟಲೆ ತೇಲಿ ದಡ ಸೇರಿದ ಕಳೇಬರದಲ್ಲಿ ಮೂಳೆ ಗಟ್ಟಿಯಾಗಿದ್ದರೂ ರೋಮಕೋಶಗಳು ಉಳಿದಿರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವು ರಕ್ಷಿತ ಪ್ರಾಣಿಗಳಾದುದರಿಂದ, ಅಂಗಾಂಶ ಸಂಗ್ರಹಕ್ಕೆ ಅನುಮತಿ ಅಗತ್ಯ. ಕಳೇಬರ ಕಂಡವರು ಅದನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಕ್ಷಣ ತಿಳಿಸುವುದೇ ಅಧ್ಯಯನಕ್ಕೆ ಮೊದಲ ನೆರವು.